ಬೆಂಕಿಯೊಳಗೊಂದು ಬಾಂಬ್

ಚಂದ್ರನತ್ತ ಹೊರಟ ಸ್ಯಾಟರ್ನ್-5 ರಾಕೆಟ್ಟಿನ ಬುಡದಲ್ಲಿ ಐದು ಎಫ್-1 ಎಂಜಿನ್‌ಗಳಿದ್ದವು. ಒಂದೊಂದರ ನೂಕುಬಲ ಸುಮಾರು 680 ಟನ್. ಒಂದೊಂದೂ ಸೆಕೆಂಡಿಗೆ ಎರಡೂವರೆ ಟನ್‌ಗೂ ಹೆಚ್ಚು ಶುದ್ಧ ಸೀಮೆಎಣ್ಣೆ ಮತ್ತು ದ್ರವ ಆಮ್ಲಜನಕವನ್ನು ಕುಡಿಯುತ್ತಿತ್ತು. ಅದನ್ನು ಒಳಗೆ ತಳ್ಳುವ ಟರ್ಬೊಪಂಪಿಗೇ 55,000 ಅಶ್ವಶಕ್ತಿ ಬೇಕಿತ್ತು!

ಚಿಕ್ಕ ಎಂಜಿನ್ನಿನ ನಕ್ಷೆಯನ್ನೇ ಹಿಗ್ಗಿಸಿದರೆ ಇಂಥದ್ದು ಸಿಗುವುದಿಲ್ಲ. 1962ರ ಜೂನ್ 28ರಂದು ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್‌ನಲ್ಲಿ ಪರೀಕ್ಷೆಗೆ ನಿಂತಿದ್ದ ಎಫ್-1 ಉರಿಯುತ್ತಲೇ ನಾಶವಾಯಿತು. ಕಾರಣ, ದಹನದ ಅಸ್ಥಿರತೆ.

ದಹನಕೋಣೆಯ ನೆತ್ತಿಯಲ್ಲಿರುವ ಇಂಜೆಕ್ಟರ್ ಎಂದರೆ ಸಾವಿರಾರು ತೂತುಗಳ ಒಂದು ದಪ್ಪ ತಟ್ಟೆ. ಅಲ್ಲಿಂದ ಚಿಮ್ಮುವ ಎಳೆಗಳು ಒಂದಕ್ಕೊಂದು ಬಡಿದು, ಹನಿಯಾಗಿ ಉರಿಯುತ್ತವೆ. ಎಲ್ಲೋ ಒಂದೆಡೆ ಉರಿ ತುಸು ಹೆಚ್ಚಾದರೆ ಒತ್ತಡದ ಅಲೆ ಏಳುತ್ತದೆ. ಅಲೆ ತಗುಲಿದಲ್ಲಿ ಇಂಧನ ಇನ್ನೂ ಬೇಗ ಉರಿದು, ಅಲೆಗೇ ಬಲ ಕೊಡುತ್ತದೆ. ಕೊಳಲು ಉದ್ದವಾದಷ್ಟೂ ಸ್ವರ ತಗ್ಗುವಂತೆ, ಕೋಣೆ ಅಗಲವಾದಷ್ಟೂ ಅಲೆಯ ಬಡಿತ ನಿಧಾನವಾಗುತ್ತದೆ. ಹನಿ ಉರಿಯುವ ಗತಿಗೂ ಅದಕ್ಕೂ ತಾಳ ಕೂಡಿತೋ, ಕ್ಷಣದಲ್ಲಿ ಲೋಹ ಕರಗುತ್ತದೆ.

ಇದನ್ನು ಲೆಕ್ಕ ಹಾಕಿ ಬಿಡಿಸುವಷ್ಟು ಸಿದ್ಧಾಂತ ಆಗ ಇರಲಿಲ್ಲ. ನಾಸಾದ ಜೆರ‍್ರಿ ಥಾಮ್ಸನ್, ಎಂಜಿನ್ ತಯಾರಿಸಿದ ರಾಕೆಟ್‌ಡೈನ್ ಕಂಪನಿಯ ಪಾಲ್ ಕ್ಯಾಸ್ಟನ್‌ಹೋಲ್ಜ್ ಅವರ ತಂಡ ಮಾಡಿದ್ದು ಹಟದ ಕೆಲಸ. ಅಲೆ ಸುತ್ತದಂತೆ ಇಂಜೆಕ್ಟರ್ ಮೇಲೆ ತಾಮ್ರದ ಅಡ್ಡಗೋಡೆ ಕಟ್ಟಿದರು, ತೂತುಗಳ ಅಳತೆ, ಓರೆ ಬದಲಿಸಿದರು. ಗೆದ್ದೆವೆಂದು ತಿಳಿಯುವುದು ಹೇಗೆ? ಅಲೆ ತಾನಾಗಿ ಏಳುವವರೆಗೆ ಕಾಯದೆ, ಧಗಧಗ ಉರಿಯುವ ಕೋಣೆಯೊಳಗೆ ಪುಟ್ಟ ಬಾಂಬ್ ಸಿಡಿಸಿ ತಾವೇ ಎಬ್ಬಿಸಿದರು. ಇಡೀ ಅಪೊಲೊ ಕಥೆಯಲ್ಲಿ ನನಗೆ ಇದಕ್ಕಿಂತ ದಿಟ್ಟ ಎಂಜಿನಿಯರಿಂಗ್ ಕಂಡಿಲ್ಲ. ಕೊನೆಗೆ ಎಂಜಿನ್ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲೇ ಅಲೆಯನ್ನು ಅಡಗಿಸತೊಡಗಿತು. ಸ್ಯಾಟರ್ನ್-5ರ 13 ಹಾರಾಟಗಳಲ್ಲಿ ಒಂದು ಎಫ್-1 ಕೂಡ ಕೈಕೊಡಲಿಲ್ಲ.

ಸೋವಿಯತ್ ವಿನ್ಯಾಸಕ ಗ್ಲುಷ್ಕೊ ಹಿಡಿದದ್ದು ಬೇರೆ ದಾರಿ. ಎಫ್-1ಗಿಂತಲೂ ಬಲವಾದ ಅವರ ಆರ್‌ಡಿ-170 ಎಂಜಿನ್ನಿನಲ್ಲಿ ಟರ್ಬೊಪಂಪ್ ಒಂದೇ, ದಹನಕೋಣೆ ನಾಲ್ಕು. ಕೋಣೆ ಚಿಕ್ಕದಾದಷ್ಟೂ ಅಲೆಯನ್ನು ಪಳಗಿಸುವುದು ಸುಲಭ.

ಇಸ್ರೊ ಕೂಡ ಈಗ ತನ್ನ ಎಲ್‌ವಿಎಂ-3 ರಾಕೆಟ್ಟಿಗಾಗಿ ಸೀಮೆಎಣ್ಣೆ, ದ್ರವ ಆಮ್ಲಜನಕದ 2,000 ಕಿಲೊನ್ಯೂಟನ್ ಎಂಜಿನ್ ಕಟ್ಟುತ್ತಿದೆ. 2025ರ ಮಾರ್ಚ್ 28ರಂದು ತಮಿಳುನಾಡಿನ ಮಹೇಂದ್ರಗಿರಿಯಲ್ಲಿ ಅದರ ಪಂಪು, ಟರ್ಬೈನುಗಳನ್ನು 2.5 ಸೆಕೆಂಡ್ ಉರಿಸಿ ನೋಡಲಾಯಿತು. ಅಲೆ ಏಳುವ ಜಾಗವಾದ ದಹನಕೋಣೆಯನ್ನು ಆ ಪರೀಕ್ಷೆಯಲ್ಲಿ ಜೋಡಿಸಿರಲಿಲ್ಲ.