ಒಂದು ತೊಗರಿ ಗಿಡ, ಹಲವು ಪದವಿ

ಸೇಡಂ, ಚಿಂಚೋಳಿ ಸೀಮೆಯ ಹೊಲಗಳಲ್ಲಿ ತೊಗರಿ ಹೂಬಿಡುವ ಕಾಲಕ್ಕೆ ಸುತ್ತಲಿನ ಗಿಡಗಳೆಲ್ಲ ಹಳದಿಯಾಗಿರುವಾಗ, ನಡುನಡುವೆ ಒಂದೊಂದು ಗಿಡ ಮಾತ್ರ ಒಂದೂ ಹೂವಿಲ್ಲದೆ ನಿಂತಿರುತ್ತದೆ. ಎಲೆ ಸಣ್ಣದು, ಬಣ್ಣ ತಿಳಿಹಸಿರು, ಬೆಳವಣಿಗೆ ಪೊದೆಯ ಹಾಗೆ. ಗಿಡ ಸಾಯುವುದಿಲ್ಲ, ಕಾಯಿ ಕೊಡುವುದೂ ಇಲ್ಲ. ರೈತರು ಇದನ್ನು ಗೊಡ್ಡು ರೋಗ ಎನ್ನುತ್ತಾರೆ.

ಬಿಹಾರದ ಪೂಸಾದಲ್ಲಿ ಈ ರೋಗವನ್ನು ಮೊದಲು ದಾಖಲಿಸಿದ್ದು 1931ರಲ್ಲಿ. ಒಂದು ಮಿಲಿಮೀಟರಿನ ಕಾಲು ಭಾಗದಷ್ಟು ಉದ್ದದ ನುಸಿಯೊಂದು ಅದನ್ನು ಗಿಡದಿಂದ ಗಿಡಕ್ಕೆ ಹರಡುತ್ತದೆ ಎಂಬುದು ಗೊತ್ತಾದದ್ದು 1960ರ ದಶಕದಲ್ಲಿ. ಆ ನುಸಿ ಹೊತ್ತು ತರುವುದಾದರೂ ಏನನ್ನು? ಅದೊಂದು ವೈರಸ್ ಎಂದು ಖಚಿತವಾಗಲು 2000ದ ಆಸುಪಾಸಿನವರೆಗೆ ಕಾಯಬೇಕಾಯಿತು. ಚಿಂಚೋಳಿಯ ಗಡಿಯಾಚೆ, ತೆಲಂಗಾಣದ ಪಟಾಂಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಸ್ಕಾಟ್ಲೆಂಡಿನವರ ಜೊತೆ ಸೇರಿ ಅದನ್ನು ಹಿಡಿದರು. ಹೆಚ್ಚುಕಡಿಮೆ 70 ವರ್ಷದ ಹುಡುಕಾಟ ಅದು. ನುಸಿಗಳ ಜಾತಿ ಗುರುತಿಸಬಲ್ಲವರು, ಸಸ್ಯರೋಗ ಬಲ್ಲವರು, ರೋಗ ತಗುಲಿದ ಎಲೆಯನ್ನು ಅರೆದು ಅದರೊಳಗಿನ ಪ್ರೋಟೀನು, ಆರ್‌ಎನ್‌ಎಗಳನ್ನು ಶುದ್ಧವಾಗಿ ಬೇರ್ಪಡಿಸಬಲ್ಲವರು, ರೋಗ ತಾಳುವ ತಳಿ ಬೆಳೆಸುವವರು, ಎಲ್ಲರೂ ಬೇಕಾಗಿದ್ದರು. ಎಲ್ಲರೂ ಜೀವವಿಜ್ಞಾನಿಗಳೇ. ಆದರೆ ಒಬ್ಬೊಬ್ಬರು ಓದಿ ಬಂದ ದಾರಿ ಬೇರೆ.

ಎರಡನೇ ಪಿಯುಸಿಯಲ್ಲಿ ಪಿಸಿಎಂಬಿ ಮುಗಿಸಿ, ನೀಟ್ ಅಂಕಕ್ಕೆ ಮೆಡಿಕಲ್ ಸೀಟು ಸಿಗುವುದಿಲ್ಲ ಎಂದು ಗೊತ್ತಾದ ಹೊತ್ತಿನಲ್ಲಿ ವಾಡಿ, ಶಹಾಬಾದ್, ಚಿತ್ತಾಪುರದ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ‘ಬಿಎಸ್ಸಿ ಮಾಡಿದ್ರ ಏನ್ ಸಿಗ್ತದ?’ ಕಾಲೇಜಿನ ಪಟ್ಟಿಯಲ್ಲಿ ಜೀವವಿಜ್ಞಾನ, ಜೀವರಸಾಯನ, ಜೈವಿಕ ತಂತ್ರಜ್ಞಾನ, ಸೂಕ್ಷ್ಮಜೀವಿಶಾಸ್ತ್ರ ಎಂಬ ಹೆಸರುಗಳು ಸಾಲಾಗಿ ಕಾಣುತ್ತವೆ. ಹೊಸದಾಗಿ ಕೇಳಿಸುವ ಹೆಸರನ್ನು ಆರಿಸಿಕೊಂಡು ಬರುವ ಮಕ್ಕಳೇ ಹೆಚ್ಚು. ಕೈತಪ್ಪಿದ ಸೀಟಿಗೆ ಬದಲಿ ಎಂದುಕೊಂಡು ಈ ಓದಿಗೆ ಬರುವುದು ನನಗೆ ಸಂಕಟದ ವಿಷಯ. ಯಾಕೆಂದರೆ ಇಲ್ಲಿ ಆರಿಸಬೇಕಾದದ್ದು ಹೆಸರನ್ನಲ್ಲ, ಒಂದೇ ಜೀವಿಯನ್ನು ಯಾವ ಆಳದಲ್ಲಿ ನಿಂತು ಪ್ರಶ್ನಿಸುತ್ತೇವೆ ಎಂಬುದನ್ನು.

ತೊಗರಿಯ ಬೇರಿಗೇ ಇಳಿಯೋಣ. ಚಿತ್ತಾಪುರದ ಸುತ್ತ ಕರಿ ಎರೆಭೂಮಿ. ಚಿಂಚೋಳಿಯ ಕಡೆ ಜಂಬಿಟ್ಟಿಗೆಯ ಕೆಂಪು ನೆಲವೂ ಇದೆ. ಕೆಂಪು ಮಣ್ಣಿನಲ್ಲಿ ರಂಜಕ ಇಲ್ಲದೆ ಇಲ್ಲ, ಆದರೆ ಕಬ್ಬಿಣಕ್ಕೆ ಅಂಟಿಕೊಂಡಿರುವುದರಿಂದ ಹೆಚ್ಚಿನ ಬೆಳೆಗಳಿಗೆ ದಕ್ಕುವುದಿಲ್ಲ. ಅಂಥ ನೆಲದಲ್ಲೂ ತೊಗರಿ ಸೊರಗದೆ ಬೆಳೆಯುವುದೇಕೆ? ಇಕ್ರಿಸ್ಯಾಟ್‌ನಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ನೊರಿಹರು ಆಯೆ ಮತ್ತು ಸಂಗಡಿಗರು 1990ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ತೊಗರಿಯ ಬೇರು ಪಿಸಿಡಿಕ್ ಆಮ್ಲವನ್ನು ಒಸರುತ್ತದೆ. ಆ ಆಮ್ಲ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ, ರಂಜಕ ಬಿಡುಗಡೆಯಾಗಿ ಬೇರಿಗೆ ಸಿಗುತ್ತದೆ. ತೊಗರಿಯ ನಂತರ ಅದೇ ಹೊಲದಲ್ಲಿ ಬಿತ್ತಿದ ಬೆಳೆಗೂ ಇದರ ಲಾಭ ಮುಟ್ಟಬಲ್ಲದು. ರೈತರಿಗೆ ಅನುಭವದಿಂದ ಗೊತ್ತಿದ್ದ ಸಂಗತಿಗೆ ಇಲ್ಲಿ ಒಂದು ಅಣುವಿನ ಹೆಸರು ದೊರಕಿತು.

‘ಯಾವ ಆಮ್ಲ? ಎಷ್ಟು? ಅದನ್ನು ಯಾವ ಕಿಣ್ವ ತಯಾರಿಸುತ್ತದೆ?’ ಎಂದು ಕೇಳುವ ಮನಸ್ಸು ಜೀವರಸಾಯನದ್ದು. ‘ಈ ಬೇರಿನ ಸುತ್ತ ಇನ್ನಾವ ಜೀವಿಗಳಿವೆ? ಮಳೆ ಕಡಿಮೆಯಾದ ವರ್ಷ ಅವುಗಳ ಗತಿ ಏನು?’ ಎಂಬ ಕಡೆ ಹೊರಳುವ ಮನಸ್ಸಿಗೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಪರಿಸರ ವಿಜ್ಞಾನಗಳನ್ನು ಒಳಗೊಂಡ ಅಗಲವಾದ ಜೀವವಿಜ್ಞಾನ ಒಗ್ಗುತ್ತದೆ. ಅಂಥವರಿಗೆ ಚಿಂಚೋಳಿಯಲ್ಲೇ, 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಸುಮಾರು 135 ಚದರ ಕಿಲೋಮೀಟರಿನ ಒಣಕಾಡು ಇದೆ. ತೋಳ, ಕತ್ತೆಕಿರುಬಗಳ ನೆಲೆ ಅದು. ಡಿಎನ್‌ಎಯ ಅಕ್ಷರಗಳ ರಾಶಿಯಲ್ಲಿ ಅರ್ಥ ಹುಡುಕುವುದು ಇಷ್ಟವಾದರೆ ಜೀನೋಮ್ ವಿಜ್ಞಾನವಿದೆ. ತೊಗರಿಯ ‘ಆಶಾ’ ತಳಿಯ ಜೀನೋಮನ್ನು ರಾಜೀವ್ ವಾರ್ಷ್ಣೆಯ ನೇತೃತ್ವದ ತಂಡ ಓದಿ 2011ರ ಕೊನೆಗೆ ಪ್ರಕಟಿಸಿತು. ಅದರಲ್ಲಿ 48,680 ಜೀನ್‌ಗಳಿವೆ ಎಂಬುದು ಅವರ ಅಂದಾಜು. ಆ ಕೆಲಸಕ್ಕೆ ಜೀವಶಾಸ್ತ್ರದಷ್ಟೇ ಗಣಿತ, ಕಂಪ್ಯೂಟರ್ ಬೇಕು. ಪಿಯುಸಿಯಲ್ಲಿ ಗಣಿತ ಓದಿದವರು ಅದನ್ನು ಬಿಟ್ಟೆವೆಂದು ಹಿಗ್ಗಬಾರದು.

ಜೀವರಸಾಯನ ಜನರ ಬದುಕನ್ನು ಎಷ್ಟು ಹತ್ತಿರದಿಂದ ಮುಟ್ಟುತ್ತದೆ ಎಂಬುದಕ್ಕೆ ನಮ್ಮದೇ ರಾಜ್ಯದ ಕಥೆಯೊಂದಿದೆ. ತೊಗರಿ ಬೇಳೆಗೆ ಕಲಬೆರಕೆ ಮಾಡುತ್ತಿದ್ದ ಕೇಸರಿ ಬೇಳೆಯ ಹೆಸರು ಕೇಳಿರಬಹುದು. ಮಧ್ಯಭಾರತದ ಬಡವರು ಬರಗಾಲದಲ್ಲಿ ತಿಂಗಳುಗಟ್ಟಲೆ ಅದನ್ನೇ ತಿಂದು ಕಾಲಿನ ಬಲ ಕಳೆದುಕೊಳ್ಳುತ್ತಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಎಸ್.ಎಲ್.ಎನ್. ರಾವ್, ಪಿ.ಆರ್. ಅಡಿಗ, ಪಿ.ಎಸ್. ಶರ್ಮ ಅವರು 1964ರಲ್ಲಿ ಆ ಕಾಳಿನಿಂದ ಒಂದು ವಿಚಿತ್ರ ಅಮೈನೋ ಆಮ್ಲವನ್ನು ಬೇರ್ಪಡಿಸಿ ಅದರ ರಚನೆ ತಿಳಿಸಿದರು. ಇಂದು ಅದಕ್ಕೆ ಒಡಾಪ್ ಎಂಬ ಚುಟುಕು ಹೆಸರಿದೆ. ನರಕೋಶಗಳು ಪರಸ್ಪರ ಸಂದೇಶ ಕಳಿಸಲು ಬಳಸುವ ಗ್ಲುಟಮೇಟ್‌ಗೆ ಅದರ ಹೋಲಿಕೆ ಇದೆ. ಹಾಗಾಗಿ ಗ್ಲುಟಮೇಟ್ ಕೂರುವ ಜಾಗದಲ್ಲಿ ಅದು ಹೋಗಿ ಕೂತು, ಕೋಶವನ್ನು ಮಿತಿಮೀರಿ ಕೆರಳಿಸಿ ಹಾಳುಮಾಡುತ್ತದೆ. ವಿಷ ಯಾವುದೆಂದು ತಿಳಿದ ಮೇಲೆ ಅದನ್ನು ಅಳೆಯಲು ಬಂತು. ಅಳೆಯಲು ಬಂದ ಮೇಲೆ ವಿಷ ಕಡಿಮೆಯಿರುವ ತಳಿಯನ್ನು ಆರಿಸಲು ಬಂತು. ಬಿಸಿನೀರಿನಲ್ಲಿ ನೆನೆಸಿ ಆ ನೀರು ಚೆಲ್ಲಿದರೆ ವಿಷ ಎಷ್ಟೋ ಇಳಿಯುತ್ತದೆ ಎಂಬುದನ್ನೂ ಪರೀಕ್ಷಿಸಿ ನೋಡಬಹುದಾಯಿತು.

ಇನ್ನು ವ್ಯವಹಾರದ ಮಾತು. ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ್‌ಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ತಾಲ್ಲೂಕು ಮಟ್ಟದಲ್ಲಿ ಸಾಮಾನ್ಯವಾಗಿ ಸಿಗುವುದು ರಸಾಯನ, ಸಸ್ಯ, ಪ್ರಾಣಿಶಾಸ್ತ್ರಗಳ ಕೂಟ. ಜೀವರಸಾಯನ ಎಂಬ ಹೆಸರಿಗಾಗಿ ಊರು ಬಿಡಲೇಬೇಕೇ? ಹಾಸ್ಟೆಲ್ ಖರ್ಚು ಮನೆಗೆ ಭಾರವಾಗುವುದಾದರೆ ಬೇಡ ಎಂಬುದೇ ನನ್ನ ಅಭಿಪ್ರಾಯ. ರಸಾಯನಶಾಸ್ತ್ರವನ್ನು ಮಾತ್ರ ಕೈಬಿಡಬೇಡಿ. ಪದವಿಯಲ್ಲಿ ರಸಾಯನ ಓದಿದವರಿಗೆ ಜೀವರಸಾಯನದ ಎಂಎಸ್ಸಿ ಬಾಗಿಲು ಬಹಳಷ್ಟು ಕಡೆ ತೆರೆದಿರುತ್ತದೆ. ಕಲಬುರಗಿಯಲ್ಲಿ 1980ರಲ್ಲಿ ಶುರುವಾದ ಗುಲಬರ್ಗಾ ವಿಶ್ವವಿದ್ಯಾಲಯದಲ್ಲೇ ಆ ವಿಭಾಗವಿದೆ. ಸಂಶೋಧನಾ ವೇತನದ ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಜೀವರಸಾಯನಕ್ಕೆ ಪ್ರತ್ಯೇಕ ಪತ್ರಿಕೆಯೇ ಇಲ್ಲ, ಎಲ್ಲರೂ ಜೀವವಿಜ್ಞಾನದ ಪತ್ರಿಕೆಯನ್ನೇ ಬರೆಯುತ್ತಾರೆ. ಐಐಟಿಗಳ ಎಂಎಸ್ಸಿ ಪ್ರವೇಶದ ಜಾಮ್ ಪರೀಕ್ಷೆಯಲ್ಲೂ ಇರುವುದು ಜೈವಿಕ ತಂತ್ರಜ್ಞಾನದ ಪತ್ರಿಕೆ, ರಸಾಯನದ ಪತ್ರಿಕೆ. ಓದು ಮುಂದುವರಿಸುವ ಆಸೆ ಇಲ್ಲದಿದ್ದರೂ ರಸಾಯನ ಉಪಕಾರಿ: ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಗುಣಮಟ್ಟ ಪರೀಕ್ಷೆಯ ಪ್ರಯೋಗಾಲಯಕ್ಕೆ ಬೇಕಾಗುವುದು ರಸಾಯನ ಬಲ್ಲವರು.

ಒಂದು ತಪ್ಪು ತಿಳಿವಳಿಕೆ ಇಲ್ಲೇ ಹೋಗಬೇಕು. ಆಸ್ಪತ್ರೆಯಲ್ಲಿ ರಕ್ತದ ಸಕ್ಕರೆ ಅಳೆಯುವುದು ಜೀವರಸಾಯನವೇ ನಿಜ; ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಅಲ್ಲಿ ಕೆಲಸ ಮಾಡುತ್ತದೆ. ಆದರೆ ಆ ಲ್ಯಾಬಿನ ತಂತ್ರಜ್ಞರ ಹುದ್ದೆಗೆ ಸಾಮಾನ್ಯವಾಗಿ ಕೇಳುವುದು ಮೆಡಿಕಲ್ ಲ್ಯಾಬ್ ಟೆಕ್ನಾಲಜಿಯ ಡಿಪ್ಲೊಮಾ ಅಥವಾ ಪದವಿ. ಅದೇ ಗುರಿಯಾಗಿದ್ದರೆ ನೇರವಾಗಿ ಅದಕ್ಕೇ ಸೇರಬೇಕು. ಶಿಕ್ಷಕರಾಗಬೇಕೆನ್ನುವವರು ಹಿಂದಿನ ನೇಮಕಾತಿ ಅಧಿಸೂಚನೆಗಳನ್ನು ತೆಗೆದು, ಯಾವ ಮೂರು ವಿಷಯ ಓದಿದವರಿಗೆ ಅರ್ಹತೆ ಎಂದು ನೋಡಿಯೇ ಪದವಿಯ ಕೂಟ ಆರಿಸಬೇಕು. ಕೃಷಿ ಬಿಎಸ್ಸಿಯನ್ನೂ ಮರೆಯಬೇಡಿ, ಅದೂ ಜೀವವಿಜ್ಞಾನವೇ. ಸಿಇಟಿ ಮೂಲಕ ಸೀಟು ಸಿಗುತ್ತದೆ, ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, 371(ಜೆ) ವಿಧಿಯಡಿ ನಮ್ಮ ಭಾಗದ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲು. ಮೊದಲ ದಿನದಿಂದಲೇ ಸಂಶೋಧನೆಯ ಕನಸಿರುವವರು ವಿಜ್ಞಾನ ಶಿಕ್ಷಣ, ಸಂಶೋಧನೆಯ ಕೇಂದ್ರ ಸಂಸ್ಥೆಗಳಾದ ಐಸರ್‌ಗಳ ಪ್ರವೇಶ ಪರೀಕ್ಷೆ ಐಎಟಿ ಬರೆಯಲಿ. ವಾಡಿ ಜಂಕ್ಷನ್ನಿನಿಂದ ರೈಲು ಹಿಡಿದರೆ ಒಂದು ದಿಕ್ಕಿಗೆ ಪುಣೆಯ ಐಸರ್, ಇನ್ನೊಂದು ದಿಕ್ಕಿಗೆ ತಿರುಪತಿಯದು.

2024-25ರಿಂದ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪದವಿ ಮತ್ತೆ 3 ವರ್ಷಕ್ಕೆ ಬಂದಿದೆ. ಆ 3 ವರ್ಷ ಪುಸ್ತಕದಲ್ಲೇ ಮುಗಿಯದಂತೆ ನೋಡಿಕೊಳ್ಳುವುದು ಮುಖ್ಯ. ಪ್ರವೇಶಕ್ಕೆ ಮುಂಚೆ ಕಾಲೇಜಿಗೆ ಹೋಗಿ ಲ್ಯಾಬ್ ತೋರಿಸಿ ಎಂದು ಕೇಳಿ, ಅದಕ್ಕೆ ಸಂಕೋಚ ಬೇಡ. ಸೆಂಟ್ರಿಫ್ಯೂಜ್ ತಿರುಗುತ್ತದೆಯೇ, ಬಣ್ಣದ ಗಾಢತೆ ಅಳೆಯುವ ಯಂತ್ರ ಕೆಲಸ ಮಾಡುತ್ತದೆಯೇ, ವಿದ್ಯಾರ್ಥಿಗಳೇ ಪಿಪೆಟ್ ಹಿಡಿಯುತ್ತಾರೋ ಅಥವಾ ಮೇಷ್ಟ್ರು ಮಾಡುವುದನ್ನು ನಿಂತು ನೋಡುತ್ತಾರೋ? ಈಗಾಗಲೇ ಅಲ್ಲಿ ಓದುತ್ತಿರುವ ಎರಡನೇ ವರ್ಷದವರನ್ನು ಕೇಳಿದರೆ ನಿಜ ತಿಳಿಯುತ್ತದೆ. ಲ್ಯಾಬ್ ಬಡವಾಗಿದ್ದರೂ ಬೇಸಿಗೆ ರಜೆಯ ದಾರಿ ಉಂಟು: ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇತರ ಅಕಾಡೆಮಿಗಳ ಜೊತೆ ಸೇರಿ ವಿದ್ಯಾರ್ಥಿಗಳನ್ನು ಎರಡು ತಿಂಗಳು ವಿಜ್ಞಾನಿಗಳ ಪ್ರಯೋಗಾಲಯಕ್ಕೆ ಕಳಿಸುವ ಫೆಲೋಶಿಪ್ ನಡೆಸುತ್ತದೆ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ ಬಿಎಸ್ಸಿಯವರಿಗಾಗಿಯೇ ಜೀವವಿಜ್ಞಾನದ ಬೇಸಿಗೆ ಕಾರ್ಯಕ್ರಮ ರೂಪಿಸಿದೆ. ಇಂಥವುಗಳ ಅರ್ಜಿ ಬೇಸಿಗೆಗೆ ಎಷ್ಟೋ ತಿಂಗಳು ಮೊದಲೇ ಮುಗಿದುಹೋಗುತ್ತದೆ. ಅರ್ಜಿಯ ಜೊತೆ ಅಧ್ಯಾಪಕರ ಶಿಫಾರಸು ಪತ್ರ ಬೇಕಾಗುವುದರಿಂದ ಮೊದಲ ಸೆಮಿಸ್ಟರಿನಲ್ಲೇ ಅವರ ಹತ್ತಿರ ಹೋಗಿ ಮಾತಾಡಿ.