ಯೆಜ್ಡಿಯ ಬೇರಿಂಗ್ ಹೋಗುವುದು ಯಾಕೆ?

"ಯೆಜ್ಡಿ ಅಂದಮ್ಯಾಲ ಬೇರಿಂಗ್ ಹೋಗೂದ, ಬಿಡ್ರಿ." ವಿಜಯಪುರದ ಗ್ಯಾರೇಜುಗಳ ಮುಂದೆ ಈ ಮಾತು ಎಷ್ಟು ಸಲೀಸಾಗಿ ಬರುತ್ತದೆಂದರೆ, ಜಲನಗರದಲ್ಲಿ ಹಳೆಯ ರೋಡ್‌ಕಿಂಗ್ ಇಟ್ಟುಕೊಂಡವರೂ ತಿಕೋಟಾ, ಬಬಲೇಶ್ವರದ ತೋಟದ ಮನೆಗಳಲ್ಲಿ ಅಪ್ಪನ ಕಾಲದ ಜಾವಾ ಉಳಿಸಿಕೊಂಡವರೂ ಅದನ್ನು ಗಾಡಿಯ ಹಣೆಬರಹ ಎಂದು ಒಪ್ಪಿಕೊಂಡುಬಿಟ್ಟಿದ್ದಾರೆ. ನಾನು ಒಪ್ಪುವುದಿಲ್ಲ. ಈ ಇಂಜಿನ್ನಿನಲ್ಲಿ ಬೇರಿಂಗ್ ವಯಸ್ಸಾಗಿ ಹೋಗುವುದಕ್ಕಿಂತ ಹೆಚ್ಚಾಗಿ ನಾವೇ ಅದಕ್ಕೆ ಉಣಿಸಿದ ಧೂಳು, ನೀರು, ಎಣ್ಣೆಯಿಲ್ಲದ ಪೆಟ್ರೋಲಿನಿಂದ ಹೋಗುತ್ತದೆ. ಉಣಿಸುವುದು ನಮ್ಮ ಕೈಯಲ್ಲಿದೆ ಎಂದಮೇಲೆ ತಡೆಯುವುದೂ ನಮ್ಮ ಕೈಯಲ್ಲೇ ಇದೆ.

ಈ ಗಾಡಿ ನಮ್ಮ ರಾಜ್ಯದ್ದೇ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು 1961ರಲ್ಲಿ ಉತ್ಪಾದನೆ ಆರಂಭಿಸಿತು. ಮುಂದೆ ಅದೇ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು. ಆ ಕಾಲದ ಹುಡುಗರಿಗೆ ಅದೇ ಸ್ಪೋರ್ಟ್ಸ್ ಬೈಕು. ಮದರಾಸಿನ ಬಳಿಯ ಶೋಳಾವರಂ ರೇಸುಗಳಲ್ಲಿ ಮೈಸೂರಿನ ಗಾಡಿಗಳು ಓಡಿದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದರೆ ಇವತ್ತು ರಸ್ತೆಯ ಮೇಲಿರುವ ತೀರಾ ಕಿರಿಯ ಹಳೇ ಯೆಜ್ಡಿಗೂ ಹತ್ತಿರ ಹತ್ತಿರ ಮೂವತ್ತು ವರ್ಷ.

ಇದು 250 ಸಿಸಿಯ ಟೂ-ಸ್ಟ್ರೋಕ್ ಇಂಜಿನ್. ಉಳಿದದ್ದೆಲ್ಲ ಅರ್ಥವಾಗಲು ಒಂದು ಸಂಗತಿ ಗಟ್ಟಿಯಾಗಿ ತಿಳಿದಿರಬೇಕು. ಬುಲೆಟ್ಟಿನಂಥ ಫೋರ್-ಸ್ಟ್ರೋಕ್ ಇಂಜಿನ್ನಿನಲ್ಲಿ ಗಾಳಿ, ಪೆಟ್ರೋಲು ನೇರವಾಗಿ ಸಿಲಿಂಡರಿನ ತಲೆಗೆ ಹೋಗುತ್ತವೆ. ಕೆಳಗಿನ ಬೇರಿಂಗುಗಳಿಗೆ ಪಂಪು ಬೇರೆ ದಾರಿಯಲ್ಲಿ ಎಣ್ಣೆ ಕೊಡುತ್ತದೆ. ಯೆಜ್ಡಿಯಲ್ಲಿ ಎರಡು ದಾರಿ ಇಲ್ಲ. ಕಾರ್ಬೊರೇಟರಿನಿಂದ ಬಂದ ಗಾಳಿ, ಪೆಟ್ರೋಲು, ಅದರಲ್ಲಿ ಬೆರೆತ ಎಣ್ಣೆ ಎಲ್ಲವೂ ಮೊದಲು ಕ್ರ್ಯಾಂಕ್‌ಕೇಸಿಗೆ ಇಳಿದು, ಕ್ರ್ಯಾಂಕಿನ ಎರಡೂ ಬದಿಯ ಬಾಲ್ ಬೇರಿಂಗುಗಳನ್ನೂ ಕನೆಕ್ಟಿಂಗ್ ರಾಡಿನ ಬುಡದ ರೋಲರ್ ಬೇರಿಂಗನ್ನೂ ಸವರಿಕೊಂಡು, ಆಮೇಲೆ ಮೇಲೆ ಹೋಗಿ ಉರಿಯುತ್ತವೆ. ಇಂಜಿನ್ ಏನು ಉಸಿರಾಡುತ್ತದೋ ಅದನ್ನು ಬೇರಿಂಗ್ ಮೊದಲು ಉಣ್ಣುತ್ತದೆ.

ಆದ್ದರಿಂದಲೇ ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ಕೊಡುವ ಮಾತು ಇದು: "ಫಿಲ್ಟರ್ ತಗದ್ರ ಪಿಕಪ್ ಬರ್ತೈತಿ, ಸೌಂಡೂ ಛಲೋ ಆಗ್ತೈತಿ." ಸೌಂಡ್ ಬರುವುದು ನಿಜ. ಪಿಕಪ್ ಬಂದಂತೆ ಅನಿಸುವುದೂ ಇದೆ. ಆದರೆ ಗಾಳಿ ಹೆಚ್ಚಿದ್ದಕ್ಕೆ ತಕ್ಕಂತೆ ಕಾರ್ಬೊರೇಟರಿನ ಜೆಟ್ ಬದಲಿಸದಿದ್ದರೆ ಪೆಟ್ರೋಲು ಕಡಿಮೆಯಾಗಿ ಇಂಜಿನ್ ಕಾಯುತ್ತದೆ. ಅದಕ್ಕಿಂತ ದೊಡ್ಡದು ಧೂಳಿನ ಮಾತು. ನಮ್ಮ ಭಾಗದ ಧೂಳು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ತಿಕೋಟಾ ಕಡೆಯ ದ್ರಾಕ್ಷಿ ತೋಟಗಳ ಮಣ್ಣಿನ ದಾರಿಯಲ್ಲಿ, ಇಲ್ಲವೇ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಬಲೇಶ್ವರದ ರಸ್ತೆಯಲ್ಲಿ ಹೋಗುವಾಗ ಗಾಳಿಯಲ್ಲಿ ತೇಲುವ ನುಣುಪು ಮಣ್ಣಿನಲ್ಲಿ ಸಿಲಿಕಾ ಕಣ ಇರುತ್ತದೆ. ಅದು ಬೇರಿಂಗಿನ ಉಕ್ಕನ್ನೂ ಕೊರೆಯುವಷ್ಟು ಗಟ್ಟಿ. ಫೋರ್-ಸ್ಟ್ರೋಕ್ ಗಾಡಿಯಲ್ಲಿ ಅದು ಮೊದಲು ಕೆಡಿಸುವುದು ಸಿಲಿಂಡರು, ರಿಂಗುಗಳನ್ನು. ಯೆಜ್ಡಿಯಲ್ಲಿ ನೇರ ಬೇರಿಂಗಿನ ಗುಂಡುಗಳ ನಡುವೆ ಕೂರುತ್ತದೆ. ಫಿಲ್ಟರ್ ಇದೆ ಎಂದರೂ ಸಾಲದು. ಫಿಲ್ಟರಿನಿಂದ ಕಾರ್ಬೊರೇಟರಿಗೆ ಹೋಗುವ ರಬ್ಬರ್ ಬಿರುಕು ಬಿಟ್ಟಿದ್ದರೆ ಫಿಲ್ಟರ್ ಇದ್ದೂ ಇಲ್ಲದ ಹಾಗೆ. ಆ ರಬ್ಬರನ್ನು ಬಗ್ಗಿಸಿ, ಮಡಿಚಿ ನೋಡಬೇಕು. ಬಿರುಕು ಮಡಿಚಿದಾಗ ಮಾತ್ರ ಕಾಣುತ್ತದೆ. "ನಮ್ಮೂರ ಬಿಸಿಲಿಗೆ ಬೇರಿಂಗ್ ನಿಲ್ಲೂದಿಲ್ಲ" ಎಂದು ಬಿಸಿಲನ್ನು ದೂರುವವರು ಮೊದಲು ಈ ರಬ್ಬರನ್ನು ನೋಡಲಿ. ನಲವತ್ತು ದಾಟಿದ ಬಿಸಿಲನ್ನು ಸರಿಯಾಗಿರುವ ಬೇರಿಂಗ್ ತಡೆದುಕೊಳ್ಳುತ್ತದೆ, ಮಣ್ಣನ್ನು ತಡೆದುಕೊಳ್ಳುವುದಿಲ್ಲ.

ಎಣ್ಣೆಯ ವಿಷಯಕ್ಕೆ ಬಂದರೆ ತಪ್ಪು ಎರಡೂ ಕಡೆ ಇದೆ. "ಎಣ್ಣಿ ಜಾಸ್ತಿ ಹಾಕ್ರಿ, ಇಂಜಿನ್ ತಂಪ ಇರ್ತೈತಿ" ಎನ್ನುವವರಿಗೆ ಹೇಳಬೇಕಾದದ್ದು: ಬೇರಿಂಗಿಗೆ ಬೇಕಾದದ್ದು ತೆಳುವಾದ ಒಂದು ಪದರ ಮಾತ್ರ. ಮಿಕ್ಕ ಎಣ್ಣೆ ಉರಿದು ಪಿಸ್ಟನ್ ತಲೆಯಲ್ಲಿ, ಎಕ್ಸಾಸ್ಟ್ ಪೋರ್ಟಿನಲ್ಲಿ, ಸೈಲೆನ್ಸರಿನಲ್ಲಿ ಇಂಗಾಲವಾಗಿ ಕೂತು ಹೊಗೆಯ ದಾರಿ ಕಟ್ಟುತ್ತದೆ, ಪ್ಲಗ್ ಹಾಳಾಗುತ್ತದೆ. ತಂಪಂತೂ ಆಗುವುದಿಲ್ಲ. ನಿಮ್ಮ ಮಾಡೆಲಿನ ಕೈಪಿಡಿ ಹೇಳಿದ ಪ್ರಮಾಣವನ್ನು ಅಳತೆಯ ಪಾತ್ರೆಯಲ್ಲೇ ಅಳೆಯಿರಿ. 1:25 ಎಂದಿದ್ದರೆ ಲೀಟರಿಗೆ 40 ಮಿಲಿ, ಐದು ಲೀಟರಿಗೆ 200 ಮಿಲಿ. ಎಣ್ಣೆ ಪೆಟ್ರೋಲಿಗಿಂತ ಭಾರ. ತುಂಬಿದ ಟ್ಯಾಂಕಿನ ಮೇಲೆ ಸುರಿದು ಹೊರಟರೆ ಒಂದಿಷ್ಟು ತಳಕ್ಕಿಳಿಯುತ್ತದೆ. ಮೊದಲು ದಟ್ಟ ಎಣ್ಣೆ, ಆಮೇಲೆ ಬರಿ ಪೆಟ್ರೋಲು ಇಂಜಿನ್ನಿಗೆ ಸಿಗುತ್ತದೆ. ಬೇರೆ ಕ್ಯಾನಿನಲ್ಲಿ ಕಲಕಿ ಹಾಕುವುದೇ ಸರಿ. ಇನ್ನೊಂದು ಕಡೆ, ಟ್ರ್ಯಾಕ್ಟರಿನ ಡಬ್ಬಿಯಲ್ಲಿ ಉಳಿದ ಇಂಜಿನ್ ಆಯಿಲನ್ನೇ ಸುರಿಯುವವರಿದ್ದಾರೆ. ಅದು ಉರಿಯಲೆಂದು ಮಾಡಿದ ಎಣ್ಣೆ ಅಲ್ಲ, ಬೂದಿ ಬಿಡುತ್ತದೆ. ಗಾಳಿಯಿಂದ ತಂಪಾಗುವ ಇಂಜಿನ್ನಿಗೆ ಹೇಳಿಮಾಡಿಸಿದ 2ಟಿ ಎಣ್ಣೆಯೇ ಬೇಕು. ಘಾಟ್ ಇಳಿಯುವಾಗ ಆಕ್ಸಿಲೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಬಿಡುವ ಅಭ್ಯಾಸವೂ ಬೇಡ. ಪೆಟ್ರೋಲು ನಿಂತರೆ ಎಣ್ಣೆಯೂ ನಿಂತಿತು. ಆಗಾಗ ಸ್ವಲ್ಪ ಆಕ್ಸಿಲೇಟರ್ ಕೊಡುತ್ತಿರಬೇಕು.

ಈಗ ಎಲ್ಲರೂ ಹೊಗಳುವ ಗಾಡಿಯ ಮಾತು. "ಹೊರಗ ತಗದ ಇಲ್ಲ, ಇಂಜಿನ್ ಹೊಸಾದ ಐತಿ." ಹಳೇ ಗಾಡಿ ಮಾರುವಾಗ ಇದಕ್ಕಿಂತ ದುಬಾರಿ ಮಾತಿಲ್ಲ, ಇದಕ್ಕಿಂತ ದಾರಿ ತಪ್ಪಿಸುವ ಮಾತೂ ಇಲ್ಲ. ನಿಂತ ಗಾಡಿಯ ಬೇರಿಂಗಿನಲ್ಲಿ ಎಣ್ಣೆ ಜಾರಿಹೋಗಿ, ಮಳೆಗಾಲದ ತೇವ ಕೂತು, ಗುಂಡು ತಾಗಿ ನಿಂತ ಜಾಗದಲ್ಲೇ ತುಕ್ಕಿನ ಚುಕ್ಕೆ ಬೀಳುತ್ತದೆ. ಮತ್ತೆ ಓಡಿಸಿದಾಗ ಆ ಚುಕ್ಕೆಯಿಂದಲೇ ಉಕ್ಕಿನ ಹಳಕು ಏಳುತ್ತದೆ. ಇದು ಯೆಜ್ಡಿಗೊಂದಕ್ಕೇ ಬಂದ ಪಾಡಲ್ಲ. 1990ರ ದಶಕದ ಕೊನೆಗೆ ಬಂದ ಪೋರ್ಷ ಬಾಕ್ಸ್‌ಸ್ಟರ್ ಮತ್ತು 911 ಕಾರುಗಳ ಇಂಜಿನ್ನಿನಲ್ಲಿ ಇಂಟರ್‌ಮೀಡಿಯೆಟ್ ಶಾಫ್ಟಿನ ಬೇರಿಂಗ್ ಒಡೆದು ಇಡೀ ಇಂಜಿನ್ನೇ ಹಾಳಾದ ಪ್ರಕರಣಗಳು ಜಗತ್ತಿನಾದ್ಯಂತ ಸುದ್ದಿಯಾದವು. 2001ರಿಂದ 2005ರ ಮಾಡೆಲುಗಳ ವಿಷಯ ಅಮೆರಿಕದ ಕೋರ್ಟಿಗೆ ಹೋಗಿ 2013ರಲ್ಲಿ ರಾಜಿಯಾಯಿತು. ಅಲ್ಲಿಯೂ ಕಡಿಮೆ ಓಡಿದ ಕಾರಿಗೆ ಭಯವಿಲ್ಲ ಎಂಬ ನಂಬಿಕೆ ನಿಲ್ಲಲಿಲ್ಲ. ಬೇರಿಂಗಿನ ಸೀಲು ಗಟ್ಟಿಯಾಗಿ ಒಳಗಿನ ಗ್ರೀಸು ತೊಳೆದುಹೋಗಲು ಕಿಲೋಮೀಟರ್ ಬೇಕಿಲ್ಲ, ಕಾಲ ಸಾಕು. ಅಲ್ಲಿನವರು ಕಂಡುಕೊಂಡ ದಾರಿಯೂ ನಮಗೆ ಪಾಠವೇ: ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಇಳಿಸಿದಾಗಲೇ ಬೇರಿಂಗನ್ನೂ ಬದಲಿಸುವುದು, ಆಯಿಲನ್ನು ಬೇಗ ಬೇಗ ಬದಲಿಸುವುದು, ಫಿಲ್ಟರ್ ಸೀಳಿ ಲೋಹದ ಚೂರಿದೆಯೇ ಎಂದು ನೋಡುವುದು.

ನಮ್ಮ ಗಾಡಿಗೆ ಇನ್ನೊಂದು ಕಷ್ಟ ಸೇರಿಕೊಂಡಿದೆ. 2025ರಲ್ಲಿ ದೇಶ ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಬೆರೆಸುವ ಗುರಿ ಮುಟ್ಟಿತು. ಕಬ್ಬು ಬೆಳೆಯುವ ನಮ್ಮ ಜಿಲ್ಲೆಗೆ ಅದರಿಂದ ಲಾಭವಿದೆ, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಎಥನಾಲ್ ನೀರು ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ನೀರು ಹೆಚ್ಚಾದರೆ ನೀರು, ಎಥನಾಲ್ ಎರಡೂ ಒಟ್ಟಾಗಿ ಬೇರ್ಪಟ್ಟು ತಳಕ್ಕಿಳಿಯುತ್ತವೆ. 2ಟಿ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಪೆಟ್ರೋಲಿನ ನಲ್ಲಿ ಇರುವುದು ಟ್ಯಾಂಕಿನ ತಳದಲ್ಲಿ. ಹೀಗಾಗಿ ಹಬ್ಬಕ್ಕೆಂದು ಗಾಡಿ ಹೊರಗೆ ತೆಗೆದು ಕಿಕ್ ಹೊಡೆದಾಗ ಬೇರಿಂಗಿಗೆ ಮೊದಲು ಸಿಗುವುದು ಎಣ್ಣೆಯಿಲ್ಲದ ನೀರು. ವಾರಕ್ಕೊಮ್ಮೆ ಅಂಗಳದಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಬಂದ್ ಮಾಡುವುದು ಇದಕ್ಕೆ ಪರಿಹಾರ ಅಲ್ಲ. ಇಂಜಿನ್ ಪೂರ್ತಿ ಕಾಯದೆ ಒಳಗಿನ ತೇವ ಹೊರಗೆ ಹೋಗುವುದಿಲ್ಲ. ಓಡಿಸುವುದಾದರೆ ಚೆನ್ನಾಗಿ ಕಾಯುವಷ್ಟು ದೂರ ಓಡಿಸಿ. ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬೊರೇಟರ್ ಖಾಲಿ ಮಾಡಿ, ಪ್ಲಗ್ ತೆಗೆದು ಸ್ವಲ್ಪ 2ಟಿ ಎಣ್ಣೆ ಒಳಗೆ ಬಿಟ್ಟು, ಕಿಕ್ಕನ್ನು ಕೈಯಿಂದ ನಿಧಾನ ತಿರುಗಿಸಿ, ಪ್ಲಗ್ ಮುಚ್ಚಿಡಿ.

ಬಿಳಿ ಹೊಗೆ ಕಂಡ ಕೂಡಲೇ "ರಿಂಗ್ ಹೋಗ್ಯಾವ" ಎಂದು ಬೋರ್ ಮಾಡಿಸಲು ಹೊರಡುವವರು ಮೊದಲು ಗೇರ್‌ಬಾಕ್ಸಿನ ಆಯಿಲ್ ಎಷ್ಟಿದೆ ನೋಡಬೇಕು. ಹೊರಗೆಲ್ಲೂ ಸೋರದೆ ಆಯಿಲ್ ಇಳಿಯುತ್ತಿದ್ದರೆ ಎಡಗಡೆ ಕ್ಲಚ್ ಬದಿಯ ಕ್ರ್ಯಾಂಕ್ ಸೀಲು ಹೋಗಿದೆ, ಇಂಜಿನ್ ಆ ಆಯಿಲನ್ನು ಎಳೆದುಕೊಂಡು ಸುಡುತ್ತಿದೆ. ಬಲಗಡೆ ಡೈನಮೊ ಬದಿಯ ಸೀಲು ಹೋದರೆ ಹೊಗೆ ಬರುವುದಿಲ್ಲ, ಅದೇ ಅಪಾಯ. ಅಲ್ಲಿಂದ ಬರಿ ಗಾಳಿ ನುಗ್ಗುತ್ತದೆ, ಆಕ್ಸಿಲೇಟರ್ ಬಿಟ್ಟರೂ ಇಂಜಿನ್ ಕೂಗುತ್ತದೆ, ಕಾಯುತ್ತದೆ. ಬೇರಿಂಗ್ ಸಡಿಲಾದರೆ ಶಾಫ್ಟು ಅಲುಗಿ ಸೀಲನ್ನು ಕೊಲ್ಲುತ್ತದೆ. ಸೀಲು ಸತ್ತರೆ ಬೇರಿಂಗ್ ಕಾದು ಕೆಡುತ್ತದೆ. ಎರಡನ್ನೂ ಒಟ್ಟಿಗೇ ನೋಡಬೇಕು.

ಸದ್ದಿನ ವಿಷಯದಲ್ಲಿ ಒಳ್ಳೆಯ ಕ್ರ್ಯಾಂಕನ್ನೂ ಕೆಟ್ಟಿದೆ ಎಂದು ಬಿಚ್ಚಿಸುವ ತಪ್ಪು ನಡೆಯುತ್ತದೆ. ಸಿಲಿಂಡರ್ ತೆಗೆದು ಕನೆಕ್ಟಿಂಗ್ ರಾಡನ್ನು ಎಡಬಲಕ್ಕೆ ಅಲ್ಲಾಡಿಸಿ "ನೋಡ್ರಿ, ಆಟ ಐತಿ" ಎನ್ನುತ್ತಾರೆ. ಎಡಬಲದ ಸಣ್ಣ ಆಟ ಬೇಕೆಂದೇ ಬಿಟ್ಟದ್ದು. ಪರೀಕ್ಷೆ ಮಾಡಬೇಕಾದದ್ದು ಮೇಲೆ ಕೆಳಗೆ. ರಾಡನ್ನು ಪೂರ್ತಿ ಮೇಲೆ ತಂದು, ನೇರ ಹಿಡಿದು ಎತ್ತಿ ಒತ್ತಿದಾಗ ಕಟಕ್ ಎಂದರೆ ಬಿಗ್ ಎಂಡ್, ಅಂದರೆ ರಾಡಿನ ಬುಡದ ಬೇರಿಂಗ್, ಹೋಗಿದೆ. ಇಲ್ಲದಿದ್ದರೆ ಇಲ್ಲ.

ಬದಲಿಸುವ ಕಾಲ ಬಂದಾಗ ಅಂಗಡಿಯಲ್ಲಿ ಸಿ3 ಗುರುತಿನ ಬೇರಿಂಗ್ ಕೊಟ್ಟರೆ "ಇದು ಲೂಸ್ ಐತಿ, ಟೈಟ್ ಇದ್ದದ್ದು ಕೊಡ್ರಿ" ಎಂದು ವಾಪಸ್ ಕೊಡಬೇಡಿ. ಸಿ3 ಎಂದರೆ ಒಳಗಿನ ಸಂದು ಮಾಮೂಲಿಗಿಂತ ಸ್ವಲ್ಪ ಹೆಚ್ಚು. ಬಿಗಿಯಾಗಿ ಕೂರಿಸಿದಾಗ, ಕಾದಾಗ ಆ ಸಂದು ಕಿರಿದಾಗುತ್ತದೆ. ಮೊದಲೇ ಬಿಗಿ ಇದ್ದದ್ದು ಆಗ ಹಿಡಿದುಕೊಳ್ಳುತ್ತದೆ. ಸುತ್ತಿಗೆ ಹೊಡೆದು ಕೂರಿಸಿದರೆ ಏಟು ಗುಂಡುಗಳ ಮೂಲಕ ಹಾದು ಅವು ಉರುಳುವ ದಾರಿಯಲ್ಲಿ ಗುಳಿ ಬೀಳಿಸುತ್ತದೆ, ಹೊಸ ಬೇರಿಂಗ್ ಅಲ್ಲೇ ಹಳತಾಗುತ್ತದೆ. ಅಲ್ಯುಮಿನಿಯಂ ಕೇಸು ಕಾದಾಗ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಕೇಸನ್ನು ನೂರು ಡಿಗ್ರಿಯ ಆಸುಪಾಸಿಗೆ ಸಮನಾಗಿ ಕಾಯಿಸಿದರೆ ಹೆಚ್ಚು ಬಲ ಹಾಕದೆ ಬೇರಿಂಗ್ ಒಳಗಿಳಿಯುತ್ತದೆ. ಬಿಗ್ ಎಂಡ್ ಬದಲಿಸಿದ್ದರೆ ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಡಿಸಿ ಕೂಡಿಸಿರುತ್ತಾರೆ; ಎರಡು ಬದಿಯ ಶಾಫ್ಟೂ ಒಂದೇ ಗೆರೆಯಲ್ಲಿರದಿದ್ದರೆ ಎಷ್ಟು ಒಳ್ಳೆಯ ಬೇರಿಂಗ್ ಹಾಕಿದರೂ ಉಳಿಯುವುದಿಲ್ಲ. ಹಣ ಕೊಡುವ ಮುಂಚೆ ಡಯಲ್ ಗೇಜ್ ಇಟ್ಟು ಕ್ರ್ಯಾಂಕನ್ನು ನಿಮ್ಮ ಕಣ್ಣೆದುರೇ ಒಂದು ಸುತ್ತು ತಿರುಗಿಸಿ ತೋರಿಸಲು ಕೇಳಿ. ಗೇಜ್ ಇಲ್ಲದ ಅಂಗಡಿಗೆ ಕ್ರ್ಯಾಂಕ್ ಕೊಡಬೇಡಿ.