ಹೊಲದ ಪಂಪು ಹಿತ್ತಲಕ್ಕೆ ತರಬ್ಯಾಡ್ರಿ: ಸಾವಯವ ಕೈತೋಟದ ಮೊದಲ ಪಾಠ

ಸಾವಯವ ಕೈತೋಟ ಅಂದಕೂಡಲೇ ನಾವೆಲ್ಲ ಕೇಳುವ ಮೊದಲ ಪ್ರಶ್ನೆ, "ಏನು ಹಾಕಬೇಕು?" ಜೀವಾಮೃತವೋ, ಎರೆಗೊಬ್ಬರವೋ, ಬೇವಿನ ಹಿಂಡಿ ಎಷ್ಟು? ನಾನೂ ಅದನ್ನೇ ಕೇಳಿದವನು. ಮೊಬೈಲಿನಲ್ಲಿ ಸಿಕ್ಕಷ್ಟು ವಿಡಿಯೊ ನೋಡಿ ಎಲ್ಲ ಹಾಕಿದವನು. ಆದರೆ ನನ್ನ ಹಿತ್ತಲು ಕೆಟ್ಟದ್ದು ಏನೋ ಹಾಕದೇ ಬಿಟ್ಟಿದ್ದಕ್ಕಲ್ಲ. ಒಳಗೆ ಬರಬಾರದ್ದನ್ನು ನಾನೇ ತಂದಿದ್ದಕ್ಕೆ. ಈ ವಾರ ಅದನ್ನೇ ಬಿಚ್ಚಿ ಹೇಳ್ತೀನಿ. ನಿಮಗೆ ಆ ತಪ್ಪು ಆಗೋದು ಬ್ಯಾಡ.

ನಮ್ಮೂರು ಧಾರವಾಡ ತಾಲೂಕಿನ ಗರಗ. ರಾಷ್ಟ್ರಧ್ವಜದ ಖಾದಿ ನೇಯುವ ಊರು ಅಂತ ಹೊರಗಿನವರಿಗೆ ಗೊತ್ತು. ನಮ್ಮ ಹೊಲದಲ್ಲಿ ಮುಂಗಾರಿಗೆ ಸೋಯಾ, ಗೋವಿನಜೋಳ, ಹಿಂಗಾರಿಗೆ ಕಡಲೆ, ಬಿಳಿಜೋಳ. ಹೊಲಕ್ಕೆ ರಾಸಾಯನಿಕ ಹೊಡಿತೀವಿ, ಸುಳ್ಳು ಹೇಳೋದಿಲ್ಲ. ಆದರೆ ಮನೆ ಹಿಂದಿನ ಎರಡು ಗುಂಟೆ ಹಿತ್ತಲಕ್ಕೆ ಮಾತ್ರ ಏನೂ ಹೊಡಿಯೋದು ಬ್ಯಾಡ, ಅಲ್ಲಿದ್ದು ನಾವೇ ಉಣ್ಣೋದು ಅಂತ ಅವ್ವ ಮೊದಲೇ ಹೇಳಿದ್ದಳು. ಟೊಮ್ಯಾಟೊ, ಬದನಿ, ಬೆಂಡಿ, ಅವರಿ ಬಳ್ಳಿ, ಒಂದು ಮಡಿ ಉಳ್ಳಾಗಡ್ಡಿ, ಮೂಲೆಯಲ್ಲಿ ನಾಲ್ಕು ಗೋವಿನಜೋಳ. ಬಚ್ಚಲ ಪಕ್ಕದಲ್ಲಿ ಒಂದು ಹತ್ತಿ ಗಿಡ. ಅದು ಆಯಿದು. ದೇವರ ಮುಂದೆ ಹಚ್ಚುವ ಬತ್ತಿಗೆ ಆಕೆ ಅಂಗಡಿ ಹತ್ತಿ ಮುಟ್ಟುವುದಿಲ್ಲ.

ಒಂದೇ ವಾರದಲ್ಲಿ ಏನಾಯ್ತು?

ಮೂರು ವರ್ಷದ ಹಿಂದಿನ ಮಾತು. ಜುಲೈ ತಿಂಗಳು, ಮಳೆ ನಾಲ್ಕು ದಿನ ಬಿಡುವು ಕೊಟ್ಟಿತ್ತು. ಗೋವಿನಜೋಳದಲ್ಲಿ ಅಗಲ ಎಲೆಯ ಕಳೆ ಬಂದಿದ್ದಕ್ಕೆ 2,4-ಡಿ ಹೊಡೆದೆ. ಎರಡು ಸಲ ನೀರು ಹಾಕಿ ಪಂಪು ತೊಳೆದೆ. ಮಾರನೇ ದಿನ ಅದೇ ಪಂಪಿನಲ್ಲಿ ಬೇವಿನ ಬೀಜದ ಕಷಾಯ ತುಂಬಿ ಹಿತ್ತಲಕ್ಕೆ ಹೊಡೆದೆ. ಕಷಾಯ ಪೂರಾ ಸಾವಯವ, ನಾನೇ ಕುಟ್ಟಿ ಮಾಡಿದ್ದು.

ಎರಡು ದಿನಕ್ಕೆ ಟೊಮ್ಯಾಟೊ ತುದಿ ತಿರುಚಿಕೊಂಡವು. ವಾರ ಕಳೆಯೋದ್ರೊಳಗೆ ಹೊಸ ಎಲೆಗಳು ದಾರದ ಹಂಗೆ ಸಣ್ಣಗಾಗಿ ಮುದುರಿದವು. ಒಂದು ಎಲೆ ಕಿತ್ತು ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು: "ಎಲೆ ಮುದುರು ರೋಗ, ವೈರಸ್ಸು. ಬಿಳಿ ನೊಣಕ್ಕ ಔಷಧ ಹೊಡಿ." ಅಂಗಡಿಗೆ ಹೋಗಲು ಗಾಡಿ ಹೊರಗೆ ತೆಗೆದಿದ್ದೆ.

ಆಯಿ ಕರೆದಳು. "ಇಲ್ಲಿ ಬಾ, ನನ್ನ ಹತ್ತಿ ಗಿಡಕ್ಕೇನಾಗೇದ ನೋಡು."

ಹತ್ತಿಯ ಹೊಸ ಎಲೆಗಳೂ ಕಿರಿದಾಗಿ, ಬೆರಳು ಬೆರಳಾಗಿ ಸೀಳಿದ್ದವು. ಆಮೇಲೆ ಒಂದೊಂದೇ ನೋಡಿದೆ. ಅವರಿ ತಿರುಚಿದೆ, ಬೆಂಡಿ ಬಾಗಿದೆ, ಬದನಿ ಮುದುರಿದೆ. ಉಳ್ಳಾಗಡ್ಡಿ, ಗೋವಿನಜೋಳ ಎರಡೇ ನೆಟ್ಟಗೆ ನಿಂತಿದ್ದವು. ಆಗ ತಲೆಗೆ ಹೊಳೀತು. ಟೊಮ್ಯಾಟೊದ ವೈರಸ್ಸು ಒಂದೇ ದಿನ ಹತ್ತಿಗೂ ಅವರಿಗೂ ಬೆಂಡಿಗೂ ಬರುವುದಿಲ್ಲ. ಅಗಲ ಎಲೆಯದ್ದನ್ನು ಕೆಡಿಸಿ ಹುಲ್ಲಿನ ಜಾತಿಯದ್ದನ್ನು ಬಿಡುವ ವಸ್ತು ಯಾವುದು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ದಿನ ಅದೇ ಪಂಪಿನಲ್ಲಿತ್ತು.

ಅವ್ವ ಬೈಯಲಿಲ್ಲ. ಆದರೆ ಆ ಹಂಗಾಮು ಹಿತ್ತಲದ ಒಂದು ಕಾಯಿಯನ್ನೂ ಒಳಗೆ ತರಲಿಲ್ಲ. ಮೊಮ್ಮಕ್ಕಳ ತಾಟಿಗೆ ಇದನ್ನು ಹೆಂಗ ಹಾಕ್ಲಿ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ರೋಗವೋ, ಕಳೆನಾಶಕವೋ? ಹೀಗೆ ಗುರುತಿಸ್ರಿ

2,4-ಡಿ ಗಿಡದೊಳಗಿನ ಬೆಳವಣಿಗೆಯ ಹಾರ್ಮೋನಿನಂತೆ ಕೆಲಸ ಮಾಡುತ್ತದೆ. ಗಿಡ ಅಡ್ಡಾದಿಡ್ಡಿ ಬೆಳೆದು ತಿರುಚುತ್ತದೆ. ಟೊಮ್ಯಾಟೊ, ಹತ್ತಿ, ದ್ವಿದಳ ಜಾತಿಗಳಿಗೆ ಬಹಳ ಕಡಿಮೆ ಪ್ರಮಾಣವೂ ಸಾಕು. ಪಂಪಿನ ಪೈಪಿನೊಳಗೆ ಉಳಿದಷ್ಟೇ ಸಾಕಾಗುತ್ತದೆ.

- ವೈರಸ್ ರೋಗ ಒಂದೆರಡು ಗಿಡದಲ್ಲಿ ಶುರುವಾಗಿ ವಾರಗಟ್ಟಲೆ ನಿಧಾನಕ್ಕೆ ಹರಡುತ್ತದೆ. ಎಲೆ ಮೇಲ್ಮುಖವಾಗಿ ಮುದುರಿ, ಅಂಚು ಹಳದಿಯಾಗಿ, ಗಿಡ ಗಿಡ್ಡಾಗುತ್ತದೆ. ಎಲೆ ಕೆಳಗೆ ಬಿಳಿ ನೊಣ ಕಾಣುತ್ತವೆ.
- ಕಳೆನಾಶಕದ ಪೆಟ್ಟು ಎಲ್ಲ ಗಿಡಕ್ಕೂ ಒಮ್ಮೆಲೇ ಕಾಣುತ್ತದೆ. ಬೇರೆ ಬೇರೆ ಜಾತಿಯ ಗಿಡಗಳಲ್ಲೂ ಕಾಣುತ್ತದೆ. ಕಾಂಡ, ಎಲೆ ತೊಟ್ಟು ತಿರುಚುತ್ತವೆ, ಹೊಸ ಎಲೆ ಸಣ್ಣ ಪಟ್ಟಿಯಂತಾಗುತ್ತದೆ.
- ಹುಲ್ಲು, ಜೋಳ, ಉಳ್ಳಾಗಡ್ಡಿ ಆರೋಗ್ಯವಾಗಿದ್ದು ಅಗಲ ಎಲೆಯವು ಮಾತ್ರ ಕೆಟ್ಟರೆ ಮೊದಲ ಅನುಮಾನ 2,4-ಡಿ ಮೇಲೆ ಇರಲಿ.

ಇನ್ನೊಂದು ಮಾತು ಮೊಬೈಲ್ ಹಿಡಿದವರಿಗೆ. ಒಂದು ಎಲೆಯ ಫೋಟೊ ಕಳಿಸಿ ಔಷಧ ಕೇಳಬ್ಯಾಡ್ರಿ. ಇಡೀ ಹಿತ್ತಲದ್ದೊಂದು, ಕೆಟ್ಟ ಗಿಡದ್ದೊಂದು, ಚೆನ್ನಾಗಿರುವ ಗಿಡದ್ದೊಂದು ಫೋಟೊ ತೆಗೀರಿ. ಕಳೆದ ಹದಿನೈದು ದಿನದಲ್ಲಿ ನೀವು, ನೆರೆಯವರು ಏನೇನು ಹೊಡೆದಿದ್ದೀರಿ ಅನ್ನೋದನ್ನೂ ಬರೀರಿ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಒಂದು ರೆಂಬೆ ಒಯ್ದು ತೋರಿಸಬಹುದು. ಧಾರವಾಡದ ಕಡೆಯವರಿಗೆ ಸೈದಾಪುರದಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಹಿತ್ತಲಕ್ಕೆ ವಿಷ ಬರುವ ದಾರಿಗಳು

*ಪಂಪು.* ಹಿತ್ತಲಕ್ಕೇ ಬೇರೆ ಪಂಪು ಇಡ್ರಿ. ಎರಡು ಲೀಟರಿನ ಕೈ ಪಂಪು ಕೆಲವು ನೂರು ರೂಪಾಯಿಗೆ ಬರುತ್ತದೆ, ಎರಡು ಗುಂಟೆಗೆ ಸಾಕು. ಹೊಲದ ಪಂಪನ್ನೂ ತೊಳೆಯಲೇಬೇಕು. ಉಳಿದದ್ದನ್ನು ಹೊಡೆದ ಹೊಲಕ್ಕೇ ಹೊಡೆದು ಮುಗಿಸಿ, ನೀರಿನಿಂದ ತೊಳೆದು, 10 ಲೀಟರ್ ನೀರಿಗೆ 100 ಗ್ರಾಂ ಬಟ್ಟೆ ಸೋಡಾ ಕಲಸಿ ತುಂಬಿ, ಸ್ವಲ್ಪ ನಾಜಲ್‌ನಿಂದ ಹೊರಬಿಟ್ಟು, ರಾತ್ರಿಯಿಡೀ ಬಿಡ್ರಿ. ಬೆಳಿಗ್ಗೆ ಖಾಲಿ ಮಾಡಿ ಮೂರು ಸಲ ತೊಳೀರಿ. ನಾಜಲ್, ಜಾಳಿಗೆ ಬಿಚ್ಚಿ ಬೇರೆ ತೊಳೀರಿ. ಕೈಗೆ ಗ್ಲೌಸ್ ಇರಲಿ. ತೊಳೆದ ನೀರು ಬಾವಿ, ಹಳ್ಳ, ಬಚ್ಚಲ ಕಡೆ ಹೋಗಬಾರದು. ಇಷ್ಟಾದರೂ ರಬ್ಬರ್ ಪೈಪಿನಲ್ಲಿ ಅಂಶ ಉಳಿಯಬಹುದು. ಅದಕ್ಕೇ ಎರಡನೇ ಪಂಪು ಬೇಕು ಅನ್ನೋದು.

*ಡಬ್ಬಿ, ಚೀಲ.* ಔಷಧದ ಕ್ಯಾನು ತೊಳೆದು ನೀರುಣಿಸುವ ತಂಬಿಗೆ ಮಾಡಬ್ಯಾಡ್ರಿ. ತೂತು ಹಾಕಿ ಕೆಡಿಸ್ರಿ. ಬೀಜೋಪಚಾರ ಮಾಡಿದ ಬೀಜದ ಚೀಲದಲ್ಲಿ ಮಣ್ಣು ತುಂಬಿ ಪಲ್ಲೆ ಬೆಳೆಸೋದೂ ಬ್ಯಾಡ.

*ಮುಚ್ಚಿಗೆ.* ಕಳೆನಾಶಕ ಹೊಡೆದ ಹೊಲದ ಹುಲ್ಲು, ಕಳೆ ತಂದು ಗಿಡದ ಬುಡಕ್ಕೆ ಹಾಸಬ್ಯಾಡ್ರಿ. ನಿಮ್ಮದೇ ಬದುವಿನ ಒಣ ಎಲೆ, ತೆಂಗಿನ ಗರಿ, ಔಷಧ ಕಾಣದ ಕಡಲೆ ಹೊಟ್ಟು ಸಾಕು.

*ಬಟ್ಟೆ, ಕೈ.* ಹೊಲದಲ್ಲಿ ಹೊಡೆದು ಬಂದವರು ಅದೇ ಬಟ್ಟೆಯಲ್ಲಿ ಹಿತ್ತಲಕ್ಕೆ ಹೋಗಿ ಕೊತ್ತಂಬರಿ ಕಿತ್ತುಕೊಂಡು ಬರ್ತಾರ. ನಾನೂ ಮಾಡ್ತಿದ್ದೆ. ಮೊದಲು ಜಳಕ, ಆಮೇಲೆ ಹಿತ್ತಲು.

*ಗಾಳಿ.* ಮುಂಗಾರಿನಲ್ಲಿ ನಮ್ಮ ಕಡೆ ಪಡುವಣ ಗಾಳಿ ಜೋರು. ಗಾಳಿ ಬೀಸುವಾಗ ಹೊಡೆದ ಸಣ್ಣ ಹನಿ ಪಕ್ಕದ ಹಿತ್ತಲಕ್ಕೆ ಹೋಗಿಯೇ ಹೋಗುತ್ತದೆ. ಹಿತ್ತಲದ ಗಾಳಿ ಬರುವ ಬದಿಗೆ ಚೊಗಚಿ, ನುಗ್ಗಿ ಸಾಲು ಹಚ್ಚಿ, ಕೆಳಗೆ ನೇಪಿಯರ್ ಹುಲ್ಲು ಬೆಳೆಸ್ರಿ. ಆ ಬದಿಯ ಹುಲ್ಲು, ನೆರೆಯ ಹೊಲಕ್ಕೆ ಔಷಧ ಹೊಡೆದ ಕೂಡಲೇ ದನಕ್ಕೆ ಹಾಕೋದು ಬ್ಯಾಡ. ಸಾವಯವ ದೃಢೀಕರಣದ ನಿಯಮಗಳೂ ರಾಸಾಯನಿಕ ಹೊಲದ ಬದಿಗೆ ತಡೆಪಟ್ಟಿ ಇರಲಿ ಅನ್ನುವುದು ಇದೇ ಕಾರಣಕ್ಕೆ.

ಗಾಳಿಯ ಮಾತು ಹಗುರ ಅನ್ನಿಸಿದರೆ ಕಾಸರಗೋಡಿನ ಕನ್ನಡ ಮಂದಿಯನ್ನು ನೆನೀರಿ. ಅಲ್ಲಿ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಸುರಿದರು. ತೋಟದ ನಡುವೆ, ಅಂಚಿಗೆ ಇದ್ದ ಮನೆಗಳಿಗೂ ನೀರಿಗೂ ಅದು ಬಿತ್ತು. ಸುಪ್ರೀಂ ಕೋರ್ಟ್ ಅದಕ್ಕೆ ದೇಶದಾದ್ಯಂತ ತಡೆ ಹಾಕಿದ್ದು 2011ರಲ್ಲಿ. ನನ್ನ ಪಂಪಿನ ತಪ್ಪು ಅದರ ಮುಂದೆ ಸಣ್ಣದು. ಆದರೂ ಹೊಡೆದಲ್ಲೇ ಔಷಧ ನಿಲ್ಲುವುದಿಲ್ಲ ಅನ್ನೋದು ಎರಡು ಕಡೆಗೂ ಒಂದೇ.

ಕೆಟ್ಟ ಮೇಲೆ ಏನು ಮಾಡಿದೆ

ತಿರುಚಿದ ಗಿಡಗಳನ್ನೆಲ್ಲ ಕಿತ್ತೆ. ತಿಪ್ಪೆಗೆ ಹಾಕಲಿಲ್ಲ, ದನಕ್ಕೂ ಹಾಕಲಿಲ್ಲ, ದೂರದ ಕುಣಿಯಲ್ಲಿ ಹೂಳಿದೆ. 2,4-ಡಿ ಬೆಚ್ಚಗಿನ ಹಸಿ ಮಣ್ಣಿನಲ್ಲಿ ಕೆಲವು ವಾರಗಳಲ್ಲಿ ಕರಗುತ್ತದೆ. ಆದರೆ ಕಣ್ಣಿಗೆ ಕಾಣೋದಿಲ್ಲ ಅಲ್ಲ, ಅದಕ್ಕೆ ಒಂದು ಪರೀಕ್ಷೆ ಮಾಡಿದೆ. ಎರಡು ಕುಂಡಿ ತಗೊಂಡು ಒಂದಕ್ಕೆ ಹಿತ್ತಲದ ಮಣ್ಣು, ಇನ್ನೊಂದಕ್ಕೆ ಔಷಧ ಕಾಣದ ಬೇರೆ ಮಣ್ಣು ತುಂಬಿದೆ. ಎರಡರಲ್ಲೂ ಅಲಸಂದಿ, ಟೊಮ್ಯಾಟೊ ಬೀಜ ಊರಿದೆ. ಮೂರು ವಾರ ನೋಡಿದೆ. ಎರಡೂ ಕಡೆ ಎಲೆ ಒಂದೇ ಥರ ನೆಟ್ಟಗೆ ಬಂದ ಮೇಲೇ ಮಡಿ ಮಾಡಿದ್ದು. ಈ ಪರೀಕ್ಷೆಗೆ ಖರ್ಚಿಲ್ಲ, ನೀವೂ ಮಾಡಬಹುದು.

ಇನ್ನು ಹಾಕುವ ಮಾತು

ಬರೋದನ್ನು ತಡೆದ ಮೇಲೆ ಹಾಕೋದು ಸುಲಭ. ನಮ್ಮ ಎರಿ ಮಣ್ಣಿನ ಹಿತ್ತಲಕ್ಕೆ ನಾನು ಮಾಡುವುದು ಇಷ್ಟೇ:

- ಮಳೆಗಾಲಕ್ಕೆ ಮಡಿ ಒಂದು ಗೇಣು ಎತ್ತರ. ಎರಿ ನೀರು ಹಿಡಿದು ಬೇರು ಕೊಳೆಸುತ್ತದೆ. ಬೇಸಿಗೆಗೆ ಅದೇ ಮಡಿ ತಗ್ಗು ಮಾಡಿ ಮುಚ್ಚಿಗೆ ಹಾಸೋದು.
- ಪೂರ್ತಿ ಕಳಿತ ತಿಪ್ಪೆ ಗೊಬ್ಬರ ಮಾತ್ರ. ಹಸಿ ಸಗಣಿ ನೇರ ಹಾಕಿದರೆ ಗೊಣ್ಣೆಹುಳ ಬರುತ್ತದೆ.
- ಜೀವಾಮೃತ ಹಿತ್ತಲದ ಲೆಕ್ಕದಲ್ಲಿ: 20 ಲೀಟರ್ ನೀರು, 1 ಕೆಜಿ ಸಗಣಿ, 1 ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಕಡಲೆ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ನೆರಳಲ್ಲಿ 48 ತಾಸು ಇಟ್ಟು ದಿನಕ್ಕೆ ಎರಡು ಸಲ ತಿರುವಿ, ಬುಡಕ್ಕೆ ಹಾಕೋದು.
- ಬೇವಿನ ಬೀಜದ ಕಷಾಯ: ಒಂದು ಲೀಟರಿಗೆ 50 ಗ್ರಾಂ ಬೀಜದ ತಿರುಳಿನ ಪುಡಿ. ರಾತ್ರಿ ನೆನೆಸಿ, ಹತ್ತಿ ಬಟ್ಟೆಯಲ್ಲಿ ಸೋಸಿ, ಚೂರು ಸೋಪು ಕಲಸಿ, ಸಂಜೆ ಎಲೆಯ ಕೆಳಗೆ ಹೊಡೆಯೋದು. ಅಂದೇ ಮಾಡಿ ಅಂದೇ ಮುಗಿಸ್ರಿ.
- ಹಂಗಾಮು: ಮಳೆಗಾಲಕ್ಕೆ ಹೀರಿ, ಹಾಗಲ, ಬದನಿ, ಪುಂಡಿ. ಅಕ್ಟೋಬರಿನಿಂದ ಮೆಂತ್ಯೆ, ಸಬ್ಬಸಗಿ, ಹಕ್ಕರಕಿ, ಗಜ್ಜರಿ, ಟೊಮ್ಯಾಟೊ. ಬೇಸಿಗೆಗೆ ಬೆಂಡಿ, ಚವಳಿ, ರಾಜಗಿರಿ.

ಈಗ ನಮ್ಮ ಮನೆಯಲ್ಲಿ ಎರಡು ಪಂಪು ಇವೆ. ಹೊಲದ್ದು ದನದ ಕೊಟ್ಟಿಗೆ ಆಚೆ, ಕೀಲಿ ಹಾಕಿ. ಹಸಿರು ಬಣ್ಣ ಬಳಿದ ಸಣ್ಣದು ಅಡುಗೆ ಮನೆಯ ಮೊಳೆಗೆ. ಅದು ಅವ್ವನ ಸುಪರ್ದಿ, ಕೇಳದೆ ನಾನೂ ಮುಟ್ಟೋ ಹಂಗಿಲ್ಲ. ಹತ್ತಿ ಗಿಡ ಮಾತ್ರ ಮತ್ತೆ ಮೊದಲಿನಿಂದ ಬೆಳೆಸಬೇಕಾಯ್ತು. ಕಳೆದ ವರ್ಷ ಅದರ ಹತ್ತಿಯಿಂದ ಆಯಿ ಬತ್ತಿ ಹೊಸೆದಳು.

ಈ ವಾರ ಗೊಬ್ಬರದ ಚಿಂತೆ ಬಿಟ್ಟು ಒಂದೇ ಕೆಲಸ ಮಾಡ್ರಿ. ನಿಮ್ಮ ಹಿತ್ತಲಕ್ಕೆ ಬಳಸುವ ಪಂಪು, ಬಕೆಟ್ಟು, ಚೀಲ ಎಲ್ಲ ಹೊರಗೆ ಇಟ್ಟು, ಯಾವುದು ಹೊಲಕ್ಕೆ ಹೋಗಿ ಬಂದದ್ದು ಅಂತ ನೋಡ್ರಿ. ಹೋಗಿ ಬಂದದ್ದನ್ನು ಇವತ್ತೇ ಬೇರೆ ಇಡ್ರಿ.